ನಂಬರ್ ಹದಿನೇಳು

ಐಸ್ ಫ್ಯಾಕ್ಟರಿ ಮುಚ್ಚಿದ ದಿನ ಮಾಲೀಕರು ಹೇಳಿದರು,
ಏನು ಬೇಕೋ ತಗೋ ದೇವಿದಾಸ.
ಬರೆಯದೆ ಉಳಿದಿದ್ದ ಒಂದು ಖಾತೆಪುಸ್ತಕ ತಂದೆ.
ಗಟ್ಟಿ ರಟ್ಟು, ಕೆಂಪು ಗೆರೆ,
ಹಾಳೆಗಳಿಗೆ ಇನ್ನೂ ಅಮೋನಿಯದ ವಾಸನೆ.

ಅದರಲ್ಲೀಗ ಮೀನಿನ ತೂಕವಿಲ್ಲ.
ಇಪ್ಪತ್ತನಾಲ್ಕು ಜನ ಫುಟ್ಬಾಲಿನವರು, ಒಬ್ಬೊಬ್ಬರಿಗೆ ಒಂದು ಸಾಲು:
ನಂಬರು, ಅಚ್ಚಾದ ಹೆಸರು, ನಾವಿಟ್ಟ ಹೆಸರು,
ಸ್ಥಿತಿ, ಯಾರಿಂದ ಬಂತು.

ಬೈತಖೋಲದಾಚೆ ಲಂಗರು ಹಾಕಿದ್ದ ಅದಿರಿನ ಹಡಗು.
ಅದರ ಅಡುಗೆಯವ, ಹಲ್ಲಿಗೆ ಚಿನ್ನ ಕಟ್ಟಿಸಿಕೊಂಡವ,
ಕೈತಾನ ಮಾಮನ ಬಾರ್ಜಿನತ್ತ ಬಗ್ಗಿ
ಒಂದು ಬುಟ್ಟಿ ಒಣ ಸಿಗಡಿಗೆ ಬದಲು ಕೊಟ್ಟನಂತೆ
ಚಿಂಗಮ್ಮಿನ ಡಬ್ಬಿ, ಚಿಂಗಮ್ಮಿಗೊಂದು ಕಾರ್ಡು.
ಚಿಂಗಮ್ಮು ಒಂದೇ ಸಂಜೆಗೆ ಮುಗಿಯಿತು.
ಕಾರ್ಡು ಇಪ್ಪತ್ತನಾಲ್ಕು, ನಾವು ಹನ್ನೆರಡು, ತಲೆಗೆರಡು.
ಪಾಲು ಮಾಡಿದವಳು ಸುಗಂಧಾ,
ಗೋಲು ಕಾಯುವವಳು; ಅವಳ ಮಾತಿಗೆ ಅಪೀಲಿಲ್ಲ.

ಹೆಸರು ಓದಲು ಬಂದರೆ ತಾನೇ.
ಒಂದರಲ್ಲಂತೂ ಸಾಲಾಗಿ ಐದು ವ್ಯಂಜನ,
ನಡುವೆ ಉಸಿರಾಡಲು ಒಂದು ಸ್ವರವಿಲ್ಲ.
ಹಾಗಾಗಿ ನಂಬರ್ ನಾಲ್ಕು ಕಸ್ಟಮ್ಸ್ ಸಾಹೇಬ, ಬೋಳುತಲೆಗೆ.
ಒಂಬತ್ತು, ಬಂಗಡೆ ಮೂತಿ.
ಹನ್ನೆರಡು, ಮದುಮಗ; ಕೂದಲಿಗೆ ಅಷ್ಟು ಎಣ್ಣೆ.
ಹದಿನೇಳು ಬರೀ ಗೋಲಿ.
ಗಾಳಿಯಲ್ಲಿ ಅಡ್ಡ ಮಲಗಿದ್ದಾನೆ, ಚೆಂಡು ಚಿತ್ರದಲ್ಲಿಲ್ಲ,
ಬರುತ್ತಿದೆಯೋ, ಹೋಯಿತೋ.
ಅದರ ಮೇಲೆ ನಾವು ಎರಡು ಮಳೆಗಾಲ ಜಗಳಾಡಿದ್ದೇವೆ.

ಆಮೇಲೆ ನೌಕಾನೆಲೆ ಬಂತು.
ಸುಣ್ಣದ ಗೆರೆ ಎಳೆದರು, ಮೈದಾನಕ್ಕಲ್ಲ.
ಲಾರಿಗಳು ಮನೆಗಳನ್ನು ಕಾಲೋನಿಗಳಿಗೆ ಹಂಚಿದವು,
ಸುಗಂಧಾ ಹಂಚಿದಷ್ಟು ಸಮನಾಗಿ ಅಲ್ಲ.
ಪಾತ್ರೆ ಹತ್ತಿತು, ಹಂಚು, ಬಾಗಿಲ ಚೌಕಟ್ಟು, ಬಲೆ.
ತಲೆಗೆರಡು ಕಾರ್ಡು ಯಾರ ಗಂಟಿನಲ್ಲಿ ಹತ್ತಿದವೋ.

ಎರಡು ವರ್ಷದಿಂದ ಮೊಪೆಡ್ಡಿನಲ್ಲಿ ಹುಡುಕುತ್ತಿದ್ದೇನೆ,
ತೋಡೂರು, ಮುದಗಾ, ಕಾಳಿ ಸೇತುವೆ ದಾಟಿ ಚಿತ್ತಾಕುಲ.
ನಂಬರ್ ಆರು ಸಿಕ್ಕಿದ್ದು ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ.
ಹದಿನಾಲ್ಕಕ್ಕೆ ಗೆದ್ದಲು; ಒಂದು ಬೂಟು, ಒಂದು ಮೊಣಕಾಲು ಉಳಿದಿತ್ತು.
ಸ್ಥಿತಿ: ಮೊಣಕಾಲು, ಎಂದು ಬರೆದೆ.
ಇಪ್ಪತ್ತೊಂದನ್ನು ಇನಾಸ ಅನ್ನದ ಅಗುಳಿನಿಂದ
ಪ್ರಾರ್ಥನೆ ಪುಸ್ತಕಕ್ಕೆ ಅಂಟಿಸಿಟ್ಟಿದ್ದ.
ಬಿಡಿಸಿದಾಗ ಬೆನ್ನಿಗೆ ಅರ್ಧ ವಾಕ್ಯ ಅಂಟಿಕೊಂಡೇ ಬಂತು.

ಮಡಗಾಂವಿನಿಂದ ವ್ಯಾಪಾರಿಯೊಬ್ಬ ಬಂದಿದ್ದ,
ಕಣ್ಣಿಗೊಂದು ಭೂತಗನ್ನಡಿ.
ಮೂಲೆ ಮಡಚಿದ್ದಕ್ಕೆ ಅರ್ಧ ರೇಟು, ಕಲೆ ಇದ್ದದ್ದಕ್ಕೆ ಕಾಲು.
ಪೂರ್ತಿ ಸೆಟ್ ಆದರೆ ಫೋನ್ ಮಾಡಿ ಎಂದ.
ಈ ‘ಯಾರಿಂದ’ ಕಾಲಂ ಯಾಕೆ, ಅದಕ್ಕೆ ಬೆಲೆಯಿಲ್ಲವಲ್ಲ.
ನಾನು ಅವನ ಚಹಾದ ಗ್ಲಾಸನ್ನು ಪುಸ್ತಕದ ಮೇಲಿಂದ ಎತ್ತಿಟ್ಟೆ.

ಸುಗಂಧಾ ಸಿಕ್ಕಿದ್ದು ಕೊನೆಗೆ, ಮುದಗಾದ ಮೂರನೇ ಸಾಲಿನಲ್ಲಿ.
ಅಂಗನವಾಡಿಯ ಸಾರಿನ ಕೈ ಒರೆಸಿಕೊಂಡು
ಇದೆ, ಎಂದಳು. ಗೋಡೆ ತೋರಿಸಿದಳು.
ಲೋಲಕದ ಗಡಿಯಾರ, ಮಾವನ ಕಾಲದ್ದು.
ಗುತ್ತಿಗೆದಾರನ ಗೋಡೆ ಮಾರಾಯ, ನೆಟ್ಟಗೆ ನಿಂತದ್ದೇ ಇಲ್ಲ.
ಹಿಂದೆ ಏನಾದರೂ ತುರುಕದಿದ್ದರೆ ನಿಂತುಬಿಡುತ್ತದೆ.
ಬೀಡಿಕಟ್ಟು ಇಟ್ಟೆ, ರಟ್ಟು ಮಡಚಿಟ್ಟೆ, ಊಹೂಂ,
ಎರಡು ಮಡಿಕೆ ಮಾಡಿದ ಇವನೇ ಸರಿಹೋದ.
ಬೇಕಾದರೆ ತೆಗೆದು ನೋಡು.

ತೆಗೆದೆ.
ನಾಲ್ಕು ಸಲ ಟಿಕ್ ಅಂದು ಮನೆ ಸುಮ್ಮನಾಯಿತು.
ಮುಖಕ್ಕೆ ಸುಣ್ಣ ಹತ್ತಿದೆ, ಸೊಂಟದಲ್ಲಿ ಸೀಳು.
ಇನ್ನೂ ಅಡ್ಡ ಹಾರುತ್ತಲೇ ಇದ್ದಾನೆ.

ಅದು ಹೋಗಿಯಾಗಿತ್ತು ಕಣೋ, ಅಂದಳು.
ಏನು?
ಚೆಂಡು. ಕಂಬದ ಹೊರಗಿಂದ. ಅವನಿಗೂ ಗೊತ್ತಿತ್ತು.
ಗೊತ್ತಿದ್ದರೂ ಹಾರಬೇಕಾಗುತ್ತದೆ.

ಹೇಗೆ ಮಡಚಿತ್ತೋ ಹಾಗೆ ಮಡಚಿ ಒಳಗೆ ತಳ್ಳಿದೆ.
ಮೊಣಕಾಲ ಮೇಲೆ ಪುಸ್ತಕ ಬಿಡಿಸಿ ಬರೆದೆ:
ಹದಿನೇಳು, ಗೋಲಿ. ಮಡಿಕೆ ಎರಡು.
ಯಾರಿಂದ: ಬಂದಿಲ್ಲ.
ಗಡಿಯಾರದ ಹಿಂದೆ, ಎಡಕ್ಕೆ. ಕೆಲಸದಲ್ಲಿದ್ದಾನೆ.

ಗಂಟೆ ಎಷ್ಟೆಂದು ನನ್ನನ್ನೇ ಕೇಳಿ
ಅವಳು ಮುಳ್ಳು ತಿರುಗಿಸಿದಳು,
ಹತ್ತು ನಿಮಿಷ ಮುಂದಕ್ಕೆ, ಬಸ್ಸು ತಪ್ಪದಿರಲೆಂದು.