ಹನ್ನೆರಡು ಹೆಜ್ಜೆ ಡಾಂಬರು

ಬೆಳಗಿನ ಮೂರು. ಎಸ್ಟೋನಿಯಾದ ಜೂನಿನಲ್ಲಿ
ರಾತ್ರಿ ಅನ್ನುವುದು ಬರೀ ಬಾಯಿಮಾತು;
ಆಕಾಶ ಒಡೆದ ಹಾಲಿನ ಬಣ್ಣದಲ್ಲಿ ಹಾಗೇ ನಿಂತಿರುತ್ತದೆ.
ನಾನು ದಾಟಬೇಕಿರುವುದು ಹನ್ನೆರಡು ಹೆಜ್ಜೆ.
ಈಚೆಗೆ ಲೀವಸೋ ಜವುಗು, ಆಚೆಗೂ ಅದೇ ಜವುಗು,
ನಡುವೆ ಹೋದ ವಾರ ಹಾಸಿದ ರಸ್ತೆ,
ಇನ್ನೂ ಎಣ್ಣೆಯ ವಾಸನೆ ಆರದ್ದು.

ನನ್ನ ಗಾಡಿ ಇಪ್ಪತ್ತೆರಡು ಟನ್ನು.
ಚೈನಿನ ಒಂದೊಂದು ಹಲಗೆಗೂ ಮೂರು ಏಣು.
ಕೆಸರಿನಲ್ಲಿ ಅದು ಹಿಡಿತ,
ಡಾಂಬರಿನ ಮೇಲೆ ಅದೇ ಹಲ್ಲು.

ಹೆಲ್ದುರ್ ಮೊದಲೇ ಹೇಳಿದ್ದ:
ಬಿಸಿಲು ಬಿದ್ದರೆ ಡಾಂಬರು ಬೆಣ್ಣೆ,
ತಣ್ಣಗಿರುವಾಗ ದಾಟು, ನೆಟ್ಟಗೆ ದಾಟು.
ತಿರುಗುವುದೆಲ್ಲ ಮಣ್ಣಿನಲ್ಲೇ ತಿರುಗಿಕೊಂಡು ಬಾ,
ರಸ್ತೆ ನಡುವೆ ನಿಂತು ಮನಸ್ಸು ಬದಲಿಸಬೇಡ.

ಟೈರು ಕೂಡಿಸಲು ಮೂರು ದಿನ ಹಿಡಿಯಿತು.
ಸೈಲೇಜಿನ ತಾಡಪಾಲಿನ ಮೇಲಿಂದ ಹತ್ತು,
ಡೈರಿಯ ಹಿತ್ತಲಿಂದ ಎಂಟು,
ಶಾಲೆಯ ಹಿಂದಿನ ಉಯ್ಯಾಲೆ ಬಿಚ್ಚಿ ಒಂದು,
ಸಂಜೆಯೊಳಗೆ ಕಟ್ಟಿಕೊಡುತ್ತೇವೆಂದು ಮಕ್ಕಳಿಗೆ ಭಾಷೆ ಕೊಟ್ಟು.
ಎರಡು ಸಾಲು, ಸಾಲಿಗೆ ಹತ್ತು. ಒಂದು ಸಾಲದೆ ಬಂತು.

ಉರ್ವೆಯ ಅಂಗಳದಲ್ಲಿತ್ತು,
ಬಿಳಿ ಬಣ್ಣ ಬಳಿದು, ಒಳಗೆ ಚೆಂಡುಹೂ ತುಂಬಿಕೊಂಡು.
ಕೇಳಲು ನಾಲಿಗೆ ಏಳದೆ ಬೇಲಿಯ ಬಳಿ ನಿಂತೆವು.
ಅವಳೇ ಸಲಿಕೆ ತಂದಳು. ಬೇರು ಸಮೇತ ಹೂವೆತ್ತಿ
ಹಳೆಯ ಸ್ನಾನದ ತೊಟ್ಟಿಗೆ ಇಳಿಸಿದಳು.
"ಆ ಆಗಸ್ಟಿನಲ್ಲೂ ಬಂದಿದ್ದವು, ಚೈನಿನವು,
ಹಾಡಹಗಲು, ಒಂದರ ಹಿಂದೊಂದು.
ಯಾರನ್ನೂ ಕೇಳಲಿಲ್ಲ.
ಬಸ್ ನಿಲ್ದಾಣದೆದುರು ಗಿರಕಿ ಹೊಡೆದು ತಿರುಗಿದವು.
ಆ ಗುಂಡಿಗಳಲ್ಲಿ ಎಷ್ಟೋ ವರ್ಷ
ನನ್ನ ಬಾತುಕೋಳಿ ಈಜಿದವು."
ನಕ್ಕಳೋ ಇಲ್ಲವೋ. ಅವಳ ಬಾಯಿಯೇ ಹಾಗೆ.

ಈಗ ಹೆಲ್ದುರ್ ನನ್ನೆದುರು ಹಿಂದುಹಿಂದಕ್ಕೆ ನಡೆಯುತ್ತಿದ್ದಾನೆ,
ಎರಡೂ ಅಂಗೈ ಎತ್ತಿ,
ಹೊಸದಾಗಿ ಹೆಜ್ಜೆಯಿಡುವ ಕೂಸನ್ನು ಕರೆಯುವವನಂತೆ.
ಎಡಗಾಲು ಎಳೆಯುತ್ತಾನೆ;
ಆ ಕುಂಟನ್ನು ಲೆಕ್ಕದಿಂದ ಕಳೆದು
ನಾನು ನೆಟ್ಟಗೆ ಹೋಗಬೇಕು.

ಅಂಚಿನಲ್ಲಿ ಜೋಡಿ ಹಲಗೆ. ರಸ್ತೆ ಒಡೆಯುವುದು ಅಂಚಿನಿಂದಲೇ.
ಮೊದಲ ಟೈರು ನಿಟ್ಟುಸಿರು ಬಿಟ್ಟಿತು.
ಎರಡನೆಯದು ಬಗ್ಗಿತು, ಚಪ್ಪಟೆಯಾಯಿತು, ತಾಳಿಕೊಂಡಿತು.
ಬಕೆಟ್ಟನ್ನು ಮಡಚಿ ಎದೆಗೆ ಅವುಚಿಕೊಂಡಿದ್ದೇನೆ.
ಎರಡು ಲಿವರು, ಎರಡು ಕೈ, ಒಂದೇ ಒತ್ತು.
ಬಲಗೈ ಕೂದಲೆಳೆಯಷ್ಟು ಹೆಚ್ಚಾದರೂ
ಇಪ್ಪತ್ತೆರಡು ಟನ್ನು ಮಗ್ಗುಲು ಬದಲಿಸುತ್ತದೆ,
ರಸ್ತೆಯ ತೊಗಲು ಸುಲಿದು ಬರುತ್ತದೆ.

ಏಳು. ಎಂಟು.
ಹಾಲಿನ ಲಾರಿಯೊಂದು ಬಂದು ನಿಂತಿತು,
ಹಾರ್ನು ಹೊಡೆಯದೆ, ದೀಪ ಆರಿಸಿ.
ಬಿಳಿ ಟೈರು ಪಕ್ಕಕ್ಕೆ ಜಾರಿತು.
ಹೆಲ್ದುರನ ಅಂಗೈ ಮುಷ್ಟಿಯಾಯಿತು. ನಿಂತೆ.
ಉದ್ದ ಗಳದಿಂದ ಅದನ್ನು ನೂಕಿ, ನೂಕಿ, ಕೂರಿಸಿದ.
ಅಷ್ಟು ಹೊತ್ತೂ ನಾನು ಉಸಿರಾಡಿದ್ದು ನೆನಪಿಲ್ಲ.

ಆಚೆಯ ಮಣ್ಣು ಮುಂಭಾಗವನ್ನು ಮೆತ್ತಗೆ ಹಿಡಿಯಿತು.
ಕೈ ಆಗಲೇ ಎಡಕ್ಕೆ ತುಡಿಯುತ್ತಿತ್ತು, ಶೆಡ್ಡು ಎಡಕ್ಕಿದೆ.
ಬಿಡಲಿಲ್ಲ.
ಬಾಲವೂ ಇಳಿದು, ಮೇಲೆ ಗಾಡಿಯುದ್ದ ನೆಲ ಕಳೆದ ಮೇಲೆ
ತಿರುಗಿದೆ. ಜವುಗು ಗೊಣಗಿತು, ಅದಕ್ಕೆ ಅಭ್ಯಾಸ.

ಟೈರು ಸರಿಸಿ ನೋಡಿದೆವು. ಹೆಲ್ದುರ್ ನೋವಿನ ಮೊಣಕಾಲೂರಿ
ಅಂಗೈಯಿಂದ ರಸ್ತೆ ಸವರಿದ, ಹಸುವಿನ ಬೆನ್ನು ಸವರುವಂತೆ.
ಸಿಕ್ಕಿದ್ದು ಒಂದೇ:
ಉರ್ವೆಯ ಬಿಳಿ ಬಣ್ಣದ ಅರ್ಧ ಉಂಗುರ.
ಎಂಜಲು ಹಚ್ಚಿ ಉಜ್ಜಿದ. ಹೋಗಲಿಲ್ಲ.
ಲಾರಿಯವನು ಎರಡು ಬೆರಳು ಎತ್ತಿ
ಅದರ ಮೇಲೆಯೇ ಹಾದುಹೋದ.

ಇನ್ನು ಉಯ್ಯಾಲೆಯ ಟೈರು ಯಾವುದು?
ಎಲ್ಲವೂ ಒಂದೇ ಕಪ್ಪು,
ಎಲ್ಲದರ ಮೈಮೇಲೂ ನನ್ನ ಹಲ್ಲಿನ ಸಾಲು.
"ಹಗ್ಗ ಸವೆಸಿದ ಗೆರೆ ಇರುತ್ತದೆ,
ಕೈಯಾಡಿಸಿ ಹುಡುಕು," ಅಂದ ಹೆಲ್ದುರ್.