ಒಂದೇ ಗಿಡದ ಅಂದಾಜು

ಮೂವತ್ತೊಂದು ವರ್ಷದಿಂದ ಇದೇ ನನ್ನ ಕಸುಬು:
ತೋಟದೊಳಗೆ ಸುತ್ತಿ, ಕಾಯಿ ಹಣ್ಣಾಗುವ ಮೊದಲೇ
ಇಷ್ಟು ಮೂಟೆ ಎಂದು ಹೇಳುವುದು.
ಅಮ್ಮತ್ತಿಯಿಂದ ಪಾಲಿಬೆಟ್ಟದವರೆಗೆ
ಗುತ್ತಿಗೆ ಹಿಡಿಯುವವರು ಮೊದಲು ನನ್ನ ಬಾಯಿ ನೋಡುತ್ತಾರೆ,
ಆಮೇಲೆ ತಮ್ಮ ಜೇಬು.

ಈ ರಾತ್ರಿ ನಮ್ಮದೇ ಕಣ, ನಮ್ಮದೇ ಐದೆಕರೆಯ ರೋಬಸ್ಟಾ.
ಕಾವಲಿಗೆ ನಾನು, ಬೊಳಕ,
ನಿದ್ದೆ ಬಾರದೆ ಕಂಬಳಿ ಹೊದ್ದು ಬಂದ ತಂಗಿಯ ಮಗಳು ದೇಚಕ್ಕ.
ಜನವರಿ ಚಳಿ. ಟಾರ್ಪಾಲಿನ ಮೇಲೆ ಇಬ್ಬನಿ ಟಪಟಪ.
ಸಿಲ್ವರ್ ಓಕುಗಳ ತುದಿಯಲ್ಲಿ ಒಂದು ತುಣುಕು ಮೋಡವಿಲ್ಲ.
ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳು:
"ಮಾವ, ಅಲ್ಲೆಲ್ಲ ಬುದ್ಧಿ ಇರುವವರು ಯಾರಾದರೂ ಇದ್ದಾರಾ?
ನೀವೇ ಅಂದಾಜು ಹಾಕಿ ಹೇಳಿ."

ಹಾಕಿದೆ. ಕಸುಬು ತಾನೆ.
ಎಕರೆಗೆ ಎಷ್ಟು ಗಿಡ, ಅದು ನಕ್ಷತ್ರ ಅಂದುಕೋ.
ಗಿಡಕ್ಕೆಷ್ಟು ರೆಕ್ಕೆ, ರೆಕ್ಕೆಗೆಷ್ಟು ಗಿಣ್ಣು, ಅವು ಗ್ರಹ.
ಗಿಣ್ಣಿಗೆ ಹೂವೆಷ್ಟೆಂದು ಮಾತ್ರ ಕೇಳಬೇಡ;
ಮಾರ್ಚಿನಲ್ಲಿ ತೋಟವಿಡೀ ಬೆಳ್ಳಗೆ ನಗುತ್ತದೆ,
ಹೂ ನೋಡಿ ಲೆಕ್ಕ ಹಾಕಿದವನು ಮನೆ ಮಾರಿದ್ದಾನೆ.
ಹೂಮಳೆ ಹದವಾಗಿ ಬೀಳಬೇಕು,
ಇಪ್ಪತ್ತು ದಿನ ಬಿಟ್ಟು ಅದರ ಬೆನ್ನಿಗೆ ಇನ್ನೊಂದು.
ಇದಕ್ಕೇ ಅರ್ಧ ಕಳೆ.
ಕಾಯಿಕೊರಕಕ್ಕೆ ಕಳೆ, ಕೊಳೆರೋಗಕ್ಕೆ ಕಳೆ,
ಪುನುಗಿಗೆ, ಮಂಗಕ್ಕೆ,
ಗಾಳಿಗೆ ಉರುಳಿದ ಮರದಡಿ ಸತ್ತದ್ದಕ್ಕೆ ಕಳೆ.
ಉಳಿದದ್ದನ್ನು ಬಕೆಟ್ ನೀರಿಗೆ ಹಾಕಿ ನೋಡು:
ಹೊರಗೆ ಕೆಂಪಗೆ ಗುಂಡಗೆ, ಒಳಗೆ ಬೀಜವಿಲ್ಲ,
ಅಂಥವೆಲ್ಲ ಮೇಲೆ ತೇಲುತ್ತವೆ.
ಎಷ್ಟು ಲೋಕಗಳು ಹಾಗೆ ತೇಲುತ್ತಿವೆಯೋ.

ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಅವಳು ಗುಣಿಸುತ್ತಿದ್ದಳು.
"ಎಷ್ಟು ಕಳೆದರೂ ಕೋಟಿ ಉಳಿಯುತ್ತೆ, ಮಾವ."
ಉಳಿಯುತ್ತೆ. ಆದರೆ ಮಗಳೇ,
ತೋಟಕ್ಕೆ ಹೋದರೆ ನಾನು ಮೂಲೆಗೊಂದು,
ತಗ್ಗಿನಲ್ಲೊಂದು, ಏರಿನಲ್ಲೊಂದು,
ಕಡಿಮೆಯೆಂದರೂ ನಲವತ್ತು ಗಿಡ ಮುಟ್ಟಿ ನೋಡುತ್ತೇನೆ.
ಇಲ್ಲಿ ನಮಗೆ ಸಿಕ್ಕಿರುವುದು ಒಂದೇ ಗಿಡ.
ಅದೂ, ನಾವು ಅದರದೇ ಕಾಯಿ.
ಗಿಣ್ಣಿನಲ್ಲಿ ಕೂತ ಕಾಯಿ ಇಡೀ ತೋಟದ ಫಸಲು ಹೇಳಿದರೆ
ಯಾವ ಸಾಹುಕಾರ ಮುಂಗಡ ಕೊಟ್ಟಾನು?

"ಇದ್ದರೆ ಮತ್ತೆ ಯಾಕೆ ಸದ್ದೇ ಇಲ್ಲ?"

ಬೊಳಕ ಬೀಡಿ ಹೊಸಕಿದ.
"ಹೋದ ವಾರ ಒಂಬತ್ತು ಆನೆ ಕೆಳಗಿನ ಹಳ್ಳದಲ್ಲಿತ್ತು, ಹಗಲಿಡೀ.
ಪಕ್ಕದಲ್ಲೇ ಹೆಂಗಸರು ಕಾಫಿ ಕುಯ್ದರು, ಹಾಡಿದರು, ಊಟ ಮಾಡಿದರು.
ಎಲೆ ಅಲುಗಲಿಲ್ಲ, ಕೂಸೇ.
ಸಂಜೆ ಲದ್ದಿ ನೋಡಿಯೇ ನಮಗೆ ಕೈಕಾಲು ನಡುಗಿದ್ದು."
ಮೂವರೂ ಸುಮ್ಮನೆ ಕಿವಿಗೊಟ್ಟೆವು.
"ಜೀರುಂಡೆ ಕೂಗುತ್ತಿದೆಯಲ್ಲ, ಇವತ್ತು ಇಲ್ಲ," ಎಂದ.

ಅವಳಿಗೆ ಸಮಾಧಾನವಾಗಲಿಲ್ಲ.
ಎದ್ದು, ಗದ್ದೆಯಾಚೆಯ ಕಣದ ಕಡೆ ಟಾರ್ಚು ಮಿನುಗಿಸಿದಳು:
ಎರಡು, ಮೂರು, ಐದು, ಏಳು.
"ಯಾವುದರಿಂದಲೂ ಭಾಗವಾಗದ ಸಂಖ್ಯೆ, ಮಾವ.
ಬುದ್ಧಿ ಇದ್ದವರಿಗೆ ತಿಳಿಯಲೇಬೇಕು."
ಆಚೆ ಬರೀ ಕತ್ತಲೆ. ಒಂದು ನಾಯಿಯೂ ಬೊಗಳಲಿಲ್ಲ.
ಮತ್ತೆ ಮತ್ತೆ ಮಿನುಗಿಸಿ, ಕಾದು,
ಕಾಫಿ ರಾಶಿಗೆ ಒರಗಿ ನಿದ್ದೆಹೋದಳು,
ಕೂದಲಿಗೆಲ್ಲ ಹಣ್ಣಿನ ಹುಳಿವಾಸನೆ.

ನಾಲ್ಕು ಗಂಟೆ ಇರಬೇಕು,
ಮೃಗಶಿರ ಪಡುವಣದ ಅತ್ತಿಮರಕ್ಕೆ ಇಳಿದಿತ್ತು.
ಎದುರು ಕಣದಲ್ಲಿ ಬೆಳಕು.
ಎರಡು. ಮೂರು. ಐದು. ಏಳು.
ಸ್ವಲ್ಪ ತಡೆದು,
ಹನ್ನೊಂದು.

ಅದು ಕುಟ್ಟಯ್ಯನ ಕಣ.
ಬೇಲಿಯ ಮೇಲಿನ ಒಂದು ಹಲಸಿನ ಮರಕ್ಕಾಗಿ
ನಾವು ಮಾತು ಬಿಟ್ಟು ಆರು ವರ್ಷ.
ಅವನಿಗೆ ಇಂಥ ಲೆಕ್ಕ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ.

ಹುಡುಗಿಯನ್ನು ಎಬ್ಬಿಸಲಿಲ್ಲ.
ಟಾರ್ಚು ನನ್ನ ಕೈಯಲ್ಲೇ ಇತ್ತು, ಬ್ಯಾಟರಿಯೂ ಇತ್ತು,
ಮುಂದಿನದು ಹದಿಮೂರೆಂದು ಗೊತ್ತಿತ್ತು.
ಹೆಬ್ಬೆರಳು ಗುಂಡಿಯ ಮೇಲೆ.
ಇಂಥದ್ದಕ್ಕೆ ಎಷ್ಟು ಕಳೆಯಬೇಕೆಂದು
ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಅವನು ಇನ್ನೊಮ್ಮೆ ಹನ್ನೊಂದು ಎಣಿಸಿದ,
ಮೊದಲಿಗಿಂತ ನಿಧಾನವಾಗಿ.