ನೀಲಿ ಗುರುತು

ನನ್ನ ಎಡಪಾದದ ಮೇಲೆ ನೀಲಿ ಶಾಯಿಯ ಒಂದು ಗುಣಿಸು ಗುರುತು.
ನರ್ಸ್ ಮಿಲೋಯ್ಕ ಹಾಕಿದ್ದು, ಮೊದಲ ರಾತ್ರಿ,
ಬೆರಳಿಗೆ ಸಿಗದ ನಾಡಿ ಇಲ್ಲಿದೆ,
ಮುಂದಿನ ಪಾಳಿಯವರು ಹುಡುಕದಿರಲಿ ಎಂದು.
ತಣ್ಣನೆಯ ಅಂಟು ಬಳಿದು, ಪೆನ್ನಿನಂಥದೇನೋ ಊರಿ,
ಡಬ್ಬಿಯ ಕಿವಿ ಹಿಂಡಿದಳು:
ಹುಶ್, ಹುಶ್, ಹುಶ್.
ನಮ್ಮ ತ್ರಿಯೆಸ್ತೆಯಲ್ಲಿ ಹುಟ್ಟಿದವರಿಗೆ ಗೊತ್ತು ಈ ಸದ್ದು,
ಬೋರಾ ಗಾಳಿ ಕಿಟಕಿಯ ಸಂದಿಗೆ ಬಾಯಿಟ್ಟಾಗಿನದು.
'ಇದೆ' ಎಂದಳು, ಅಷ್ಟೇ.
ಗಡಿಯಾರ ನೋಡಿ ಬರೆದುಕೊಂಡಳು.

ಮೂವತ್ತೊಂದು ವರ್ಷ ಬಂದರಿನಲ್ಲಿ ಕಾಫಿ ಮೂಟೆ ಹೊತ್ತವನು ನಾನು.
ಹೋಗಬೇಕಾಗಿದ್ದುದು ಬೆನ್ನು. ಹೋದದ್ದು ಕಾಲು.
ಬೆನ್ನು ಹೋದದ್ದು ಪಕ್ಕದ ಮಂಚದ ಝ್ದ್ರಾವ್ಕೊನದು,
ಪಿಯಾನೊಗಳ ಶ್ರುತಿ ತಿದ್ದುತ್ತಲೇ ತಲೆ ನರೆತವನು,
ಸಾರಿನ ಪಾತ್ರೆಗಿಂತ ಭಾರ ಎತ್ತಿದವನಲ್ಲ.

ನನ್ನ ತೊಡೆಯ ನಾಳ ಕಟ್ಟಿಕೊಂಡಿತ್ತು.
ಅದೇ ಕಾಲಿನಿಂದ ಒಂದು ಸಿರೆ ಬಿಡಿಸಿ
ತಲೆಕೆಳಗು ಮಾಡಿ ಪಕ್ಕದಾರಿಯಾಗಿ ಹೊಲಿದರು.
ಇಷ್ಟು ಕಾಲ ನೆತ್ತರನ್ನು ಮೇಲಕ್ಕೆ ಹೊತ್ತದ್ದು
ಇನ್ನು ಕೆಳಕ್ಕೆ ಹೊರಬೇಕು.
ಅರವತ್ತೇಳರಲ್ಲಿ ಕಸುಬು ಬದಲಿಸಿದವರನ್ನು ಕಂಡಿರಲಿಲ್ಲ,
ಈಗ ನನ್ನೊಳಗೇ ಒಬ್ಬನಿದ್ದಾನೆ.

ಅವನಿಗೆ ಎರಡು ಸರಳು, ಆರು ತಿರುಪು.
'ಯಾವ ಸ್ವರಕ್ಕೆ ಬಿಗಿದಿದ್ದಾರೋ' ಎನ್ನುತ್ತಾನೆ.
ನಗುವುದಿಲ್ಲ, ನಕ್ಕರೆ ನೋವು.
ಮಗ್ಗುಲಾಗುವುದೆಂದರೆ ದಿಮ್ಮಿ ಹೊರಳಿಸಿದ ಹಾಗೆ,
ಹೆಗಲು, ಸೊಂಟ, ಮಂಡಿ ಒಟ್ಟೊಟ್ಟಿಗೆ,
ಇಬ್ಬರು ಬೇಕು, ಮೂರು ಎಣಿಸಬೇಕು.

ಬೆಳಗಿನ ಜಾವ ಪಿಸುಗುಟ್ಟಿದ:
'ಎಜಿದಿಯೊ, ದೀಪ ಹಾಕು.
ಬಲಗಾಲಿನ ಹೆಬ್ಬೆರಳು ನೋಡು. ಅಲ್ಲಾಡಿತೇ?'
ಅವನಿಗೆ ಏಳುವಂತಿಲ್ಲ. ನನಗೆ ಕನ್ನಡಕ ಸಿಗಲಿಲ್ಲ.
ಹೊದಿಕೆ ಮಿಸುಕಿತೋ, ಕಣ್ಣೋ.
'ಅಲ್ಲಾಡಿತು' ಎಂದೆ.
ಸುಳ್ಳು ಹೇಳಿದೆನೋ, ಇಲ್ಲವೋ,
ಈಗಲೂ ತಿಳಿಯದು.

ಕಾಲಿಗೆ ಬುದ್ಧಿ ಹೇಳುವುದೆಂದರೆ ಓಟ ಕೀಳುವುದು ಎಂದುಕೊಂಡಿದ್ದೆ.
ಇಲ್ಲಿ ನಿಜಕ್ಕೂ ಹೇಳುತ್ತಾರೆ,
ಎಂಟು ಗಂಟೆಗೆ, ಕಾರಿಡಾರಿನಲ್ಲಿ, ವಾಕರ್ ಹಿಡಿಸಿ.
ನನ್ನದು ಕೇಳುತ್ತದೆ.
ಅವನ ಬಲಗಾಲು ಕೇಳಿಸಿಕೊಂಡೂ ಸುಮ್ಮನಿರುತ್ತದೆ.

ಮೊದಲು ಐವತ್ತು ಹೆಜ್ಜೆಗೆ ಮೀನಖಂಡ ಹಿಡಿಯುತ್ತಿತ್ತು.
ನೋವು ಇಳಿಯುವ ತನಕ
ಅಂಗಡಿ ಗಾಜಿನೊಳಗೆ ನೋಡುವ ನಟನೆ.
ನನ್ನ ಪಾಲಿಗೆ ಬಂದದ್ದು ನೆರೀನಳ ಟೋಪಿ ಅಂಗಡಿ.
ಎರಡು ವರ್ಷ, ದಿನಕ್ಕೆರಡು ಸಲ,
ಎಂದೂ ಟೋಪಿ ಹಾಕದವನು ಟೋಪಿ ನೋಡಿದೆ.
ಬೂದು ಬಣ್ಣದ್ದರ ಬೆಲೆ ಮೂರು ಸಲ ಏರಿದ್ದು
ಅವಳ ಬಿಟ್ಟರೆ ನನಗೇ ಗೊತ್ತು.

ಆರನೆಯ ವಾರ. ಬೋರಾ ಎದ್ದಿತ್ತು.
ಇಳಿಜಾರಿನ ಬೀದಿಗೆ ಹಗ್ಗ ಕಟ್ಟಿದ್ದರು, ಹಿಂದಿನವರ ಹಾಗೆ.
ವಕೀಲ, ಶಾಲೆಯ ಹುಡುಗ, ಮೀನಿನ ಬುಟ್ಟಿಯವಳು
ಎಲ್ಲರೂ ಬಗ್ಗಿ, ಹಗ್ಗ ಹಿಡಿದು, ಒಂದೊಂದೇ ಅಡಿ.
ಅವತ್ತು ಊರಿಗೆ ಊರೇ ನಮ್ಮ ಕಾರಿಡಾರು.

ಟೋಪಿ ಅಂಗಡಿ ದಾಟಿ ಮೂವತ್ತು ಹೆಜ್ಜೆ ಹೋದ ಮೇಲೆ
ದಾಟಿದೆನೆಂದು ಹೊಳೆಯಿತು.
ಹಿಂದಿರುಗಿ ಬಂದು ನಿಂತೆ, ಅಭ್ಯಾಸ ಬಿಡದೆ.
ಬಾಗಿಲು ಸೀಳಷ್ಟೇ ತೆರೆದು ನೆರೀನ ಕೂಗಿದಳು:
'ಸತ್ತೇ ಹೋದಿರಿ ಅಂದುಕೊಂಡಿದ್ದೆ!
ಆ ಬೂದಿಯದನ್ನು ಮಾರಿಬಿಟ್ಟೆ.'

ಪಾದದ ಶಾಯಿ ಎಂದೋ ತೊಳೆದುಹೋಗಿದೆ.
ಆಗಾಗ ಮೊಮ್ಮಗಳ ಪೆನ್ನಿನಿಂದ ಮತ್ತೆ ಬರೆದುಕೊಳ್ಳುತ್ತೇನೆ,
ಜಾಗ ತಪ್ಪಿರಬಹುದು.

ಸಂಜೆ ಝ್ದ್ರಾವ್ಕೊ ಫೋನು ಮಾಡುತ್ತಾನೆ.
ಅವನ ಬಲ ಅಂಗಾಲಿಗೆ ಕಲ್ಲು ಯಾವುದು ಕಂಬಳಿ ಯಾವುದು ಇನ್ನೂ ತಿಳಿಯದು.
ಪೆಡಲ್ ಒತ್ತಿದೆನೆಂದು ಅವನಿಗೆ ಗೊತ್ತಾಗುವುದು
ಕೈ ತೆಗೆದ ಮೇಲೂ ಸ್ವರ ಉಳಿದಾಗ.
ತನ್ನ ಕಿವಿಯನ್ನೂ ನಂಬದೆ
ನನಗೆ ಹಿಡಿದು ಕೇಳಿಸುತ್ತಾನೆ: 'ಉಳಿಯಿತೇ?'
ನನ್ನ ಕಿಟಕಿಯ ಸಂದಿನಲ್ಲಿ ಹುಶ್, ಹುಶ್.
'ಇನ್ನೊಮ್ಮೆ ಒತ್ತು' ಎನ್ನುತ್ತೇನೆ.